ಜೀರುಂಡೆಯ ಹದಿನೇಳನೆಯ ಸಂಜೆ

ಹೊತ್ತು: ಸಂಜೆ. ಸೂರ್ಯ ಪಡುವಣ ದಿಣ್ಣೆಯಿಂದ ಒಂದು ಮಾರು ಮೇಲಿದ್ದ.

ಹವೆ: ಹಿಂದಿನ ದಿನ ವರ್ಷದ ಮೊದಲ ಮಳೆ ಬಿದ್ದಿತ್ತು. ನೆಲ ಬೆಚ್ಚಗಿತ್ತು. ಗಾಳಿ ಬೀಸುತ್ತಿರಲಿಲ್ಲ, ಅದೂ ಸಭೆಗೆ ಬಂದು ಒಂದು ಕಡೆ ಕುಳಿತಿತ್ತು.

ಹಾಜರಿದ್ದವರು: ಅಧ್ಯಕ್ಷ ಸ್ಥಾನದಲ್ಲಿ ಬೆಟ್ಟ. ಹೆಸರು ಕರೆಯಲು ಮಂಗಟ್ಟೆ ಹಕ್ಕಿ. ನಡುವೆ ಹೊಂಗೆ ಮರ. ಅದರ ಕೊಂಬೆಗಳ ಮೇಲೆ ಕಾಜಾಣ, ಕೆಂಬೂತ, ಮೈನಾ ಮತ್ತು ಕೊಕ್ಕಿರುವ ಉಳಿದೆಲ್ಲರು. ಬುಡದಲ್ಲಿ ಮುಂಗುಸಿ, ಓತಿಕ್ಯಾತ, ಇರುವೆಗಳ ಸಾಲು.

ಗೈರುಹಾಜರಾದವರು: ಜೀರುಂಡೆ ಕುಲ. ಹದಿನಾರು ವರ್ಷಗಳಿಂದ.

ಇದು ಲೋಕ ಹೊಸದಾಗಿದ್ದ ಕಾಲದ ಸಂಗತಿ. ಆಗ ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಜಿಂಕೆಯ ಮೈಮೇಲಿನ ಚುಕ್ಕೆಗಳು ಸರಿಯಾಗಿ ಒಣಗಿರಲಿಲ್ಲ. ಆ ಸಂಜೆ ಒಂದು ಕುಲ ಉಳಿಯಬೇಕೋ ಅಳಿಯಬೇಕೋ ಎಂಬುದು ತೀರ್ಮಾನವಾಗಬೇಕಿತ್ತು. ಹಾಗೇಕಾಯಿತು ಎಂಬುದನ್ನು ಮೊದಲಿನಿಂದ, ಕ್ರಮವಾಗಿ ಹೇಳುತ್ತೇನೆ. ನಡುವೆ ಪ್ರಶ್ನೆ ಕೇಳಬಾರದು.

ಬೆಟ್ಟದ ಎದೆಯ ಮೇಲೆ ಒಂದು ನುಣುಪಾದ ಬಂಡೆ ಇತ್ತು. ಲೋಕದ ಎಲ್ಲ ಜೀವಿಗಳ ಹೆಸರನ್ನೂ ಆ ಬಂಡೆಯ ಮೇಲೆ ಕೆತ್ತಲಾಗಿತ್ತು. ಬಂಡೆಯ ಮೇಲೆ ಹೆಸರಿದ್ದರೆ ಜೀವಿ ಇದೆ. ಹೆಸರು ಅಳಿದರೆ ಜೀವಿ ಇಲ್ಲ.

ಪ್ರತಿ ಮಳೆಗಾಲವೂ ಬಂಡೆಯ ಮೇಲೆ ಪಾಚಿ ಬೆಳೆಯುತ್ತಿತ್ತು. ಹೆಸರಿನವರು ಬಂದು, ತಮ್ಮ ಹೆಸರಿಗೆ ತಾವೇ ಓಗೊಟ್ಟರೆ, ಅದರ ಮೇಲಿನ ಪಾಚಿ ಉದುರುತ್ತಿತ್ತು. ಓಗೊಡದಿದ್ದರೆ ದಪ್ಪವಾಗುತ್ತಿತ್ತು. ಹದಿನೆಂಟು ಮಳೆಗಾಲ ಯಾರೂ ಓಗೊಡದ ಹೆಸರು ಪಾಚಿಯ ಅಡಿಯಲ್ಲೇ ಕರಗಿಹೋಗುತ್ತಿತ್ತು.

ಹಾಗೆ ಮೂರು ಜೀವಿಗಳು ಹೋದವು. ಅವು ಯಾವುವು ಎಂದು ಕೇಳಬೇಡಿ. ಹೆಸರೇ ಇಲ್ಲದವುಗಳನ್ನು ಹೇಳುವುದು ಸಾಧ್ಯವಿಲ್ಲ.

ಇನ್ನು ಯಾರೂ ಹಾಗೆ ಹೋಗಬಾರದೆಂದು ಬೆಟ್ಟ ಎರಡು ನಿಯಮ ಮಾಡಿತು. ಮೊದಲ ಮಳೆಯ ಮರುದಿನ ಸಂಜೆ ಎಲ್ಲರೂ ಹೊಂಗೆ ಮರದ ಕೆಳಗೆ ಸೇರತಕ್ಕದ್ದು. ಸೇರುವಾಗ ಹೊಸ ಅಂಗಿ ತೊಟ್ಟಿರತಕ್ಕದ್ದು. ಅಂದಿನಿಂದ ಐದು ದಿನ ಹೆಸರು ಕರೆಯುವ ಕೆಲಸ ನಡೆಯುತ್ತಿತ್ತು.

ಕರೆಯುವ ಕೆಲಸವನ್ನು ಮಂಗಟ್ಟೆ ವಹಿಸಿಕೊಂಡಿತ್ತು. ಅದರ ಕೊಕ್ಕು ದೊಡ್ಡದು. ಆ ಕೊಕ್ಕಿನ ಮೇಲೆ ಕಿರೀಟದಂತೆ ಇನ್ನೊಂದು ಕೊಕ್ಕು. ದನಿಯೂ ದೊಡ್ಡದು. ಅದು ಒಂದು ಕ್ರಮ ಮಾಡಿಕೊಂಡಿತ್ತು: ಆಕಾಶದವರು ಮೊದಲು, ನೆಲದ ಮೇಲಿನವರು ಆಮೇಲೆ, ನೆಲದ ಒಳಗಿನವರು ಕೊನೆಗೆ. ಕೊನೆಯವರಲ್ಲಿ ಕೊನೆಯದು ಜೀರುಂಡೆ. ಅದರ ಸರದಿ ಐದನೆಯ ದಿನ ನಡುಹಗಲಿಗೆ ಬರುತ್ತಿತ್ತು.

ಈಗ ಅಂಗಿಯ ವಿಷಯ. ಹಾವು ತನ್ನ ಹಳೆಯ ಅಂಗಿಯನ್ನು ಪೊದೆಯಲ್ಲಿ ಬಿಟ್ಟು ಬರುತ್ತಿತ್ತು. ಹಕ್ಕಿಗಳು ಹಳೆಯ ಗರಿಗಳನ್ನು ಗೂಡಿನಲ್ಲಿ ಉದುರಿಸಿ ಬರುತ್ತಿದ್ದವು. ಜಿಂಕೆ ಹಳೆಯ ಕೂದಲನ್ನು ಮರದ ತೊಗಟೆಗೆ ಉಜ್ಜಿ ಬರುತ್ತಿತ್ತು. ಎಲ್ಲರೂ ಅಂಗಿ ಬದಲಾಯಿಸುತ್ತಿದ್ದದ್ದು ತಮ್ಮ ತಮ್ಮ ಮನೆಯಲ್ಲಿ.

ಜೀರುಂಡೆಗಳು ಮಾತ್ರ ಹಾಗೆ ಮಾಡಲಿಲ್ಲ. ಮನೆಯಲ್ಲಿ ತೊಟ್ಟು ಬಂದರೆ ಅದು ಇಂದಿನ ಅಂಗಿಯೋ ನಿನ್ನೆಯದೋ ಯಾರಿಗೆ ಗೊತ್ತಾಗಬೇಕು ಎಂದು ಅವು ಯೋಚಿಸಿದವು. ಆದ್ದರಿಂದ ಮಣ್ಣು ಮೆತ್ತಿದ ಹಳೆಯ ಅಂಗಿಯಲ್ಲೇ ನೆಲದಿಂದ ಎದ್ದು ಬಂದು, ಹೊಂಗೆಯ ಬೊಡ್ಡೆ ಹತ್ತಿ, ತೊಗಟೆಯನ್ನು ಬಿಗಿಯಾಗಿ ಹಿಡಿದುಕೊಂಡು, ಸಭೆಯ ಎದುರಿಗೇ ಅಂಗಿಯ ಬೆನ್ನು ಸೀಳಿ ಹೊರಗೆ ಬರುತ್ತಿದ್ದವು. ನಿಯಮವನ್ನು ಇಷ್ಟು ನಿಷ್ಠೆಯಿಂದ ಇನ್ಯಾರೂ ಪಾಲಿಸಿರಲಿಲ್ಲ.

ಅದೇ ಅವುಗಳ ತಪ್ಪಾಯಿತು. ಹೊರಗೆ ಬಂದ ಜೀರುಂಡೆ ಹಾಲಿನ ಕೆನೆಯಷ್ಟು ಬೆಳ್ಳಗೆ, ಕೆನೆಯಷ್ಟೇ ಮೆತ್ತಗೆ ಇರುತ್ತಿತ್ತು. ರೆಕ್ಕೆ ಒದ್ದೆ. ಅದು ಒಣಗಿ ಬಿಗಿಯಾಗಲು ಬೆಳಗಿನವರೆಗೆ ಕಾಯಬೇಕು. ಅಲ್ಲಿಯತನಕ ಹಾರುವಂತಿಲ್ಲ, ಓಡುವಂತಿಲ್ಲ. ಮೇಲಿನ ಕೊಂಬೆಯಲ್ಲಿ ಕೊಕ್ಕುಗಳ ಸಾಲು.

ಹತ್ತು ಜೀರುಂಡೆ ಬಂದರೆ ಹಕ್ಕಿಗಳ ಹೊಟ್ಟೆಗೆ ಒಂಬತ್ತು ಹೋಗುತ್ತಿದ್ದವು. ಉಳಿದದ್ದು ಐದನೆಯ ದಿನ ತನ್ನ ಹೆಸರಿಗೆ ಓಗೊಡುತ್ತಿತ್ತು. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ ಹಾಗೆಯೇ. ವರ್ಷದಿಂದ ವರ್ಷಕ್ಕೆ ಓಗೊಡುವ ದನಿ ಸಣ್ಣದಾಗುತ್ತ ಬಂತು.

ಕೊನೆಗೊಂದು ವರ್ಷ ಮುನ್ನೂರು ಜೀರುಂಡೆಗಳು ಬಂದವು. ಐದನೆಯ ದಿನಕ್ಕೆ ಉಳಿದದ್ದು ಎರಡು. ಒಂದು ಮುದಿ ಗಂಡು. ಇನ್ನೊಂದು, ಕೆಂಚವ್ವ ಎಂಬ ಹೆಣ್ಣು.

ಗಂಡು ಓಗೊಟ್ಟಿತು. ದನಿ ಒಡೆದಿತ್ತು, ಆದರೂ ಬಂಡೆಯ ಮೇಲಿನ ಪಾಚಿ ಉದುರಿತು. ಸಂಜೆಯ ಹೊತ್ತಿಗೆ ಅದೂ ಸತ್ತಿತು. ಕೆಂಚವ್ವನ ಹೊಟ್ಟೆಯಲ್ಲಿ ಆರುನೂರು ಮೊಟ್ಟೆಗಳಿದ್ದವು. ಸಭೆಗೆ ಗೊತ್ತಿದ್ದಂತೆ, ಲೋಕದಲ್ಲಿದ್ದ ಜೀರುಂಡೆ ಎಂದರೆ ಅಷ್ಟೇ.

ಅವಳು ನೇರವಾಗಿ ಮಂಗಟ್ಟೆಯ ಬಳಿ ಹೋದಳು. ಕೇಳಿದ್ದು ಒಂದೇ: ಅಂಗಿ ಬದಲಾಯಿಸುವ ಆ ಒಂದು ರಾತ್ರಿ ಹಕ್ಕಿಗಳು ಕೊಕ್ಕು ಮುಚ್ಚಿಕೊಂಡಿರಲಿ. ರೆಕ್ಕೆ ಒಣಗಿದ ಮೇಲೆ ಹಿಡಿಯುವ ಶಕ್ತಿ ಇದ್ದವರು ಹಿಡಿಯಲಿ.

ಮಂಗಟ್ಟೆ ಹೊಟ್ಟೆ ಸವರಿಕೊಂಡು, ನಿಯಮದಲ್ಲಿ ಹಾಗೆಂದು ಎಲ್ಲಿಯೂ ಇಲ್ಲವೆಂದಿತು. "ಬರುವುದು ನಿಮ್ಮ ಕೆಲಸ, ಕೆಂಚವ್ವ. ತಿನ್ನುವುದು ನಮ್ಮ ಕೆಲಸ. ಇಬ್ಬರೂ ತಪ್ಪದೆ ಮಾಡುತ್ತಿದ್ದೇವಲ್ಲ?"

ಕೊಂಬೆಯ ಮೇಲಿದ್ದವರು ನಕ್ಕರು. ಅಷ್ಟು ಕಷ್ಟವಾದರೆ ಉಳಿದವರ ಹಾಗೆ ಮನೆಯಲ್ಲೇ ಬಟ್ಟೆ ಬದಲಾಯಿಸಿ ಬಾ ಎಂದು ಕೆಂಬೂತ ಕಿಚಾಯಿಸಿತು.

"ಕದ್ದು ತೊಡುವ ಅಂಗಿ ನಮ್ಮ ಮನೆಯಲ್ಲಿಲ್ಲ" ಎಂದಳು ಕೆಂಚವ್ವ. ಅವಳು ಮಂಗಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ಅದರ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದ. ಅವಳು ಕಣ್ಣು ತಗ್ಗಿಸಲಿಲ್ಲ. ಸೂರ್ಯ ಪೂರ್ತಿ ಮುಳುಗುವ ತನಕ ತಗ್ಗಿಸಲಿಲ್ಲ. ಆ ಸಂಜೆಯ ಕೆಂಪು ಅವಳ ಕಣ್ಣಿನಲ್ಲಿ ಇಳಿಯಿತು, ಮತ್ತೆ ಹೋಗಲಿಲ್ಲ.

"ರಾಯರೇ, ಇನ್ನು ನೀವು ಕರೆದಾಗ ನಾವು ಬರುವುದಿಲ್ಲ."

ಬರದಿದ್ದರೆ ಹೆಸರು ಅಳಿಯುತ್ತದೆ ಎಂದಿತು ಮಂಗಟ್ಟೆ.

"ಬರುತ್ತೇವೆ. ನೀವು ಕರೆದಾಗ ಅಲ್ಲ."

ಅಂದೇ ಅವಳು ಗಾಳಿಯನ್ನು ಕಂಡಳು. ಗಾಳಿ ಎಲ್ಲರ ಗೂಡಿನಲ್ಲೂ ಇಣುಕುತ್ತದೆ; ಯಾರ ಮನೆಯಲ್ಲಿ ಯಾವ ವರ್ಷ ಎಷ್ಟು ಮರಿ ಎಂಬುದು ಅದಕ್ಕೆ ಗೊತ್ತು. ಅವಳು ಕೇಳಿದ್ದಕ್ಕೆ ಅದು ಸರಿಯಾದ ಉತ್ತರ ಕೊಟ್ಟಿತು. ಕಾಜಾಣಕ್ಕೆ ಎರಡು ವರ್ಷಕ್ಕೊಮ್ಮೆ ಮರಿ ಹೆಚ್ಚು. ಕೆಂಬೂತಕ್ಕೆ ಮೂರು ವರ್ಷಕ್ಕೊಮ್ಮೆ. ಮುಂಗುಸಿಗೆ ನಾಲ್ಕು. ಮಂಗಟ್ಟೆಗೆ ಐದು. ಮರಿ ಹೆಚ್ಚಾದ ವರ್ಷ ಹಸಿವೂ ಹೆಚ್ಚು.

ಕೆಂಚವ್ವ ಕೂತು ಮಗ್ಗಿ ಹೇಳಿಕೊಂಡಳು. ಎರಡರ ಮಗ್ಗಿಯಲ್ಲಿ ಬರುವ ವರ್ಷವನ್ನೆಲ್ಲ ಬಿಟ್ಟಳು. ಮೂರರ ಮಗ್ಗಿಯಲ್ಲಿ ಬರುವುದನ್ನು ಬಿಟ್ಟಳು. ನಾಲ್ಕರದು ಎರಡರಲ್ಲೇ ಹೋಗಿತ್ತು. ಐದರದನ್ನೂ ಬಿಟ್ಟಳು. ಹದಿನೆಂಟನೆಯ ಮಳೆಗೆ ಹೆಸರು ಕರಗುವುದರಿಂದ ಅದಕ್ಕಿಂತ ಮೊದಲೇ ಬರಬೇಕು. ಏಳು ಉಳಿಯಿತು, ಹನ್ನೊಂದು ಉಳಿಯಿತು, ಹದಿಮೂರು ಉಳಿಯಿತು, ಹದಿನೇಳು ಉಳಿಯಿತು. ಉಳಿದವುಗಳಲ್ಲಿ ಅತ್ಯಂತ ದೂರದ್ದನ್ನು ಆರಿಸಿದಳು. ಅಷ್ಟು ಹೊತ್ತಿಗೆ ಜೀರುಂಡೆಯ ರುಚಿ ಕಂಡ ಕಾಜಾಣಗಳು ಒಂದೂ ಬದುಕಿರುವುದಿಲ್ಲ ಎಂಬುದು ಅವಳ ಯೋಚನೆ.

ಮಗ್ಗಿ ಕಲಿತಿರಬೇಕು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಆಮೇಲೆ ಹೊಂಗೆಯ ಬಳಿ ಹೋದಳು. ನೆಲದೊಳಗಿನ ಮಕ್ಕಳು ಬಿಸಿಲು ಕಾಣುವುದಿಲ್ಲ, ಬೆಳದಿಂಗಳು ಕಾಣುವುದಿಲ್ಲ. ವರ್ಷ ಎಣಿಸುವುದು ಹೇಗೆ ಎಂದು ಕೇಳಿದಳು. ಹೊಂಗೆ ಯೋಚಿಸಿ ಹೇಳಿತು: ಚಳಿ ಕಳೆದು ಹೊಸ ಚಿಗುರು ಬಿಡುವಾಗ ತನ್ನ ಬೇರಿನ ರಸ ಸಿಹಿಯಾಗುತ್ತದೆ. ವರ್ಷಕ್ಕೊಂದು ಸಲ. ಬೇರಿಗೆ ಬಾಯಿ ಇಟ್ಟವರಿಗೆ ಗೊತ್ತಾಗುತ್ತದೆ.

ಕೆಂಚವ್ವ ಕೃತಜ್ಞತೆ ಹೇಳಿ, ಮುಚ್ಚಿಡದೆ ಇನ್ನೊಂದು ಮಾತನ್ನೂ ಹೇಳಿದಳು. ಅವಳು ಮೊಟ್ಟೆ ಇಡಬೇಕಾದದ್ದು ಹೊಂಗೆಯ ಎಳೆಯ ಕಡ್ಡಿಗಳನ್ನು ಸೀಳಿ. ಸೀಳಿದ ಕಡ್ಡಿ ಒಣಗುತ್ತದೆ.

"ನೋವಾಗುತ್ತದೆ, ಕೆಂಚವ್ವ" ಎಂದಿತು ಹೊಂಗೆ.

"ಆಗುತ್ತದೆ, ಅಕ್ಕ. ಅದಕ್ಕೆ ಬದಲು ಒಂದು ಮಾತು ಕೊಡುತ್ತೇನೆ. ನನ್ನ ಮಕ್ಕಳು ಸಾಯುವಾಗ ನಿನ್ನ ಬುಡದಲ್ಲೇ ಸಾಯುತ್ತಾರೆ. ನಿನ್ನಿಂದ ಕುಡಿದದ್ದೆಲ್ಲ ನಿನ್ನ ಬೇರಿಗೇ ಹಿಂತಿರುಗುತ್ತದೆ."

ಹೊಂಗೆ ಕೊಂಬೆ ಬಾಗಿಸಿ ಕೊಟ್ಟಿತು.

ಕೆಂಚವ್ವ ಕಡ್ಡಿಯಿಂದ ಕಡ್ಡಿಗೆ ಹೋದಳು. ಸೀಳಿದಳು, ಇಟ್ಟಳು, ಮುಂದೆ ಹೋದಳು. ಆರುನೂರು ಮೊಟ್ಟೆ ಮುಗಿದ ದಿನ ಅವಳ ಕೆಲಸವೂ ಮುಗಿಯಿತು. ಕೊಟ್ಟ ಮಾತಿನಂತೆ ಹೊಂಗೆಯ ಬುಡದಲ್ಲೇ ಬಿದ್ದಳು. ಮಕ್ಕಳ ಮುಖ ನೋಡಲಿಲ್ಲ. ಅವಳ ಒಬ್ಬ ತಂಗಿಯ ಮೊಟ್ಟೆಗಳು ದೂರದ ಇನ್ನೊಂದು ಕಾಡಿನಲ್ಲಿ ಉಳಿದಿದ್ದವೆಂದೂ, ಅವು ಹದಿಮೂರರ ಎಣಿಕೆ ಹಿಡಿದವೆಂದೂ ಗಾಳಿ ಆಮೇಲೆ ಹೇಳಿತು. ಅದು ಬೇರೆ ಕಥೆ.

ಎರಡು ತಿಂಗಳಿಗೆ ಮೊಟ್ಟೆ ಒಡೆದವು. ಇರುವೆಯಷ್ಟು ದೊಡ್ಡ ಮರಿಗಳು ಕಡ್ಡಿಯಿಂದ ಕೆಳಗೆ ಉದುರಿದವು. ಮಣ್ಣು ಬಾಯಿ ತೆರೆದು ಅವನ್ನು ಒಳಗೆ ಕರೆದುಕೊಂಡಿತು. ಪ್ರತಿಯೊಂದಕ್ಕೂ ಒಂದೊಂದು ಬೇರು ತೋರಿಸಿತು. ತಾಯಿ ಬಿಟ್ಟುಹೋದ ಮಾತನ್ನು ತಾನೇ ಹೇಳಿತು: ಸಿಹಿ ಎಣಿಸಿ. ಹದಿನೇಳು ಆಗುವ ತನಕ ಮೇಲೆ ಹೋಗಬೇಡಿ. ಯಾರು ಕರೆದರೂ ಓಗೊಡಬೇಡಿ.

ಮಕ್ಕಳು ಮಣ್ಣನ್ನು ಅಜ್ಜಿ ಎಂದು ಕರೆದರು. ಅವರಲ್ಲಿ ಒಬ್ಬಳು ಉಳಿದವರಿಗಿಂತ ಬಿಳುಪಾಗಿದ್ದಳು. ಅಜ್ಜಿ ಅವಳಿಗೆ ಬೆಳ್ಳಿ ಎಂದು ಹೆಸರಿಟ್ಟಳು.

ಮೇಲೆ ವರ್ಷಗಳು ಉರುಳಿದವು. ಪ್ರತಿ ವರ್ಷ ಐದನೆಯ ದಿನ ನಡುಹಗಲು ಮಂಗಟ್ಟೆ ಕರೆಯುತ್ತಿತ್ತು: ಜೀರುಂಡೆ. ಉತ್ತರವಿಲ್ಲ. ಬಂಡೆಯ ಮೇಲೆ ಪಾಚಿ ಒಂದು ಪದರ ಏರುತ್ತಿತ್ತು.

ಕರೆ ಮಣ್ಣಿನೊಳಗೂ ಕೇಳುತ್ತಿತ್ತು. ತಮ್ಮ ಹೆಸರನ್ನು ಯಾರೋ ಕರೆಯುವಾಗ ಬಾಯಿ ಮುಚ್ಚಿಕೊಂಡಿರುವುದು ಸುಲಭವಲ್ಲ. ಮೊದಲ ವರ್ಷ ಮರಿಗಳು ಬೇರನ್ನು ಕಚ್ಚಿ ಹಿಡಿದು ಸುಮ್ಮನಿದ್ದವು. ಎರಡನೆಯ ವರ್ಷವೂ ಸುಮ್ಮನಿದ್ದವು. ಮೂರನೆಯ ವರ್ಷವೂ ಸುಮ್ಮನಿದ್ದವು. ಬೆಳೆದಂತೆ ಅಂಗಿ ಬಿಗಿಯಾಯಿತು. ನಾಲ್ಕು ಸಲ ನೆಲದೊಳಗೇ ಅಂಗಿ ಬದಲಾಯಿಸಿದರು. ಕದ್ದು ತೊಟ್ಟದ್ದಲ್ಲ, ಅಜ್ಜಿಯ ಎದುರಿಗೆ. ಕೊನೆಯ ಅಂಗಿಯನ್ನು ಮಾತ್ರ ಸಭೆಗೆಂದು ಇಟ್ಟುಕೊಂಡರು.

ಮಂಗಟ್ಟೆಗೆ ಸಿಟ್ಟು ಬರತೊಡಗಿತು. ತಾನು ಕರೆದ ಹೆಸರಿಗೆ ಮೌನ ಉತ್ತರವಾಗುವುದನ್ನು ಅದಕ್ಕೆ ಸಹಿಸಲಾಗಲಿಲ್ಲ. ಆ ಬಿಳಿಯ ಮೆತ್ತನೆಯ ಊಟದ ನೆನಪೂ ಇತ್ತು. ಒಂಬತ್ತನೆಯ ವರ್ಷ ಅದು ಸಭೆಯಲ್ಲೇ ಸಾರಿತು: ಇನ್ನು ಮೇಲೆ ಜೀರುಂಡೆ ಎಂಬ ಹೆಸರನ್ನು ಮಿಡತೆಗೆ ಕೊಡಲಾಗುವುದು. ಮಿಡತೆ ಎದ್ದು ನಿಂತು, ತನಗೆ ಈಗಾಗಲೇ ಒಂದು ಹೆಸರಿದೆ, ಎರಡು ಹೊರುವ ಶಕ್ತಿ ಇಲ್ಲ ಎಂದು ವಿನಯದಿಂದ ಹೇಳಿ ಕೂತಿತು.

ಹದಿನಾರನೆಯ ವರ್ಷ ಇರುವೆಗಳು ಬಾಯಿಬಿಟ್ಟವು. ಜೀರುಂಡೆಗಳು ಸತ್ತಿಲ್ಲ, ಬೇರಿನ ಸಿಹಿ ಎಣಿಸುತ್ತ ಕೂತಿವೆ ಎಂದವು. ಮಂಗಟ್ಟೆ ಕಂಬಳಿಹುಳುಗಳನ್ನು ಕರೆಸಿತು. ಹೊಂಗೆಯ ಎಲೆಗಳನ್ನು ಒಂದೂ ಬಿಡದೆ ಮೇಯುವಂತೆ ಹೇಳಿತು. ಮೇದ ಹುಳುಗಳನ್ನು ಯಾವ ಹಕ್ಕಿಯೂ ಮುಟ್ಟುವುದಿಲ್ಲವೆಂದು ಭರವಸೆ ಕೊಟ್ಟಿತು.

ಹತ್ತು ದಿನದಲ್ಲಿ ಹೊಂಗೆ ಬೋಳಾಯಿತು. ಎಲೆ ಇಲ್ಲದೆ ಮರ ಬದುಕುವುದಿಲ್ಲ. ಅದು ಬೇರೆ ದಾರಿ ಕಾಣದೆ ಅದೇ ವರ್ಷ ಎರಡನೆಯ ಸಲ ಚಿಗುರಿತು. ಬೇರಿನ ರಸ ಎರಡನೆಯ ಸಲ ಸಿಹಿಯಾಯಿತು.

ನೆಲದೊಳಗೆ ಗದ್ದಲವೆದ್ದಿತು. ಹದಿನೇಳಾಯಿತು, ಹೊರಡೋಣ ಎಂದರು ಪಡುವಣ ಬೇರಿನವರು. ಅವರ ಮುಂದಾಳುವನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು.

ಬೆಳ್ಳಿ ಅಡ್ಡ ಬಂದಳು. "ದೊಡ್ಡಣ್ಣ, ನಡುವೆ ಚಳಿ ಬಂತೇ?"

"ಸಿಹಿ ಬಂತಲ್ಲ."

"ಚಳಿ ಬರದೆ ವರ್ಷ ತಿರುಗುವುದಿಲ್ಲ. ಒಂದೇ ವರ್ಷವನ್ನು ಎರಡು ಸಲ ಎಣಿಸಿದ್ದೇವೆ."

"ಹದಿನಾರು ವರ್ಷ ಕತ್ತಲಲ್ಲಿ ಕೂತು ನಿನಗೆ ಕತ್ತಲೇ ರುಚಿಸಿಬಿಟ್ಟಿದೆ" ಎಂದ ದೊಡ್ಡಣ್ಣ. ಅವನ ಹಿಂದಿದ್ದವರು ನಕ್ಕರು.

ಬೆಳ್ಳಿ ನಗಲಿಲ್ಲ. ಕೈ ಮುಗಿದೂ ಕೇಳಿದಳು. ದೊಡ್ಡಣ್ಣ ನಿಲ್ಲಲಿಲ್ಲ. ಪಡುವಣ ಬೇರಿನ ನೂರು ಮಂದಿ ಅವನ ಹಿಂದೆ ಮೇಲೆ ಹೋದರು. ಮೇಲೆ ಮಳೆ ಬಂದಿರಲಿಲ್ಲ, ನೆಲ ಗಟ್ಟಿಯಾಗಿತ್ತು, ಮಂಗಟ್ಟೆ ಕೊಕ್ಕು ತೆರೆದು ಕಾದಿತ್ತು.

ಅವರಲ್ಲಿ ಒಬ್ಬರೂ ಬೆಳಗು ಕಾಣಲಿಲ್ಲ. ಉಳಿದ ಐನೂರು ಮಂದಿ ಮೇಲಿನ ಸದ್ದನ್ನೆಲ್ಲ ಕೇಳಿದರು. ಆಮೇಲೆ ಸದ್ದು ನಿಂತದ್ದನ್ನೂ ಕೇಳಿದರು.

ಆಗ ಅಜ್ಜಿ ಒಂದು ಕೆಲಸ ಮಾಡಿದಳು. ಲೋಕದಲ್ಲಿ ಇನ್ನೂ ಎಲ್ಲವೂ ಹೊಸದು. ಒಂದು ಹತ್ತಾಗುವುದು, ಹತ್ತು ಸಾವಿರವಾಗುವುದು ಮಣ್ಣಿನ ಒಳಗೆ ಆಗ ಸಾಧ್ಯವಿತ್ತು. ಬೀಜವನ್ನು ಹೇಗೆ ಹೆಚ್ಚಿಸುತ್ತಿದ್ದಳೋ ಹಾಗೆ ಆ ಐನೂರನ್ನು ಹೆಚ್ಚಿಸಿದಳು. ಪ್ರತಿ ಬೇರಿನ ಬಳಿಯೂ ಸಾವಿರ ಸಾವಿರ ಜೀರುಂಡೆಗಳು. ಎಲ್ಲರಿಗೂ ಅದೇ ಎಣಿಕೆ. ಎಲ್ಲರಿಗೂ ತಾಯಿಯ ಕೆಂಪು ಕಣ್ಣು.

ಚಳಿ ಬಂತು. ಚಳಿ ಹೋಯಿತು. ಬೇರು ಸಿಹಿಯಾಯಿತು. ಬೆಳ್ಳಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಮೊದಲ ಮಳೆ ಬಿದ್ದು ನೆಲ ಬೆಚ್ಚಗಾಯಿತು.

ಈಗ ಮೊದಲು ಹೇಳಿದ ಸಂಜೆಗೆ ಬಂದಿದ್ದೇವೆ.

ಬಂಡೆಯ ಮೇಲೆ ಜೀರುಂಡೆಯ ಹೆಸರು ಪಾಚಿಯಡಿ ಹೂತುಹೋಗಿತ್ತು. ಕಾಣುತ್ತಿದ್ದದ್ದು ಒಂದು ಬೆರಳಿನಷ್ಟು ಮಾತ್ರ. ಮಂಗಟ್ಟೆ ಎದ್ದು ನಿಂತಿತು. ಇನ್ನೊಂದು ವರ್ಷ ಕಾಯುವ ಅಗತ್ಯವಿಲ್ಲ, ಐದನೆಯ ದಿನದ ತನಕವೂ ಬೇಡ, ಈ ಹೆಸರನ್ನು ಇಂದೇ ಅಳಿಸತಕ್ಕದ್ದು ಎಂದು ಒತ್ತಾಯಿಸಿತು. ಬೆಟ್ಟ ಲೋಕ ಹುಟ್ಟಿದಂದಿನಿಂದ ಬಾಯಿ ತೆರೆದದ್ದು ಎರಡೇ ಸಲ, ಎರಡು ನಿಯಮಗಳಿಗಾಗಿ. ಅದು ಈಗಲೂ ಮಾತಾಡಲಿಲ್ಲ. ಮೂರು ಸಲ ಕರೆ ಎಂದು ಗಾಳಿಯ ಮೂಲಕ ತಿಳಿಸಿತು.

ಮಂಗಟ್ಟೆ ಕರೆಯಿತು: ಜೀರುಂಡೆ.

ಉತ್ತರವಿಲ್ಲ.

ಇನ್ನೊಮ್ಮೆ ಕರೆಯಿತು. ಉತ್ತರವಿಲ್ಲ. ಕೆಂಬೂತ ಕೆಮ್ಮಿತು. ಹೊಂಗೆ ಒಂದು ಎಲೆಯನ್ನೂ ಅಲುಗಿಸಲಿಲ್ಲ.

ಮೂರನೆಯ ಸಲ ಕರೆಯುವ ಹೊತ್ತಿಗೆ ಸೂರ್ಯ ಮುಳುಗಿದ. ನೆಲದಲ್ಲಿ ಒಂದು ತೂತು ಕಾಣಿಸಿತು, ಬೆರಳು ಹೋಗುವಷ್ಟು. ಅದರ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಹತ್ತು. ನೋಡನೋಡುತ್ತ ಹೊಂಗೆಯ ಬುಡವೆಲ್ಲ ಜಾಲರಿಯಂತಾಯಿತು. ಎಲ್ಲ ತೂತುಗಳಿಂದಲೂ ಮಣ್ಣಂಗಿಯ ಜೀರುಂಡೆಗಳು ಹೊರಟವು. ಅವಸರ ಮಾಡಲಿಲ್ಲ. ಮುಂಗುಸಿಯ ಕಾಲಿನ ನಡುವೆ ನಡೆದು, ಇರುವೆಗಳ ಸಾಲನ್ನು ದಾಟಿ, ಬೊಡ್ಡೆ ಹತ್ತಿದವು. ತೊಗಟೆ ಹಿಡಿದವು. ಎಲ್ಲರೆದುರಿಗೆ ಅಂಗಿಯ ಬೆನ್ನು ಸೀಳಿದವು.

ಹಕ್ಕಿಗಳು ಎರಗಿದವು. ತಿಂದವು. ಇನ್ನೂ ತಿಂದವು. ಜೀರುಂಡೆಗಳು ಬರುತ್ತಲೇ ಇದ್ದವು. ಒಂದನ್ನು ತಿಂದರೆ ಆ ಜಾಗಕ್ಕೆ ನಾಲ್ಕು ಬಂದವು. ಕಾಜಾಣ ಕೊಂಬೆಯ ಮೇಲೆ ಕೂರಲಾರದೆ ಮಲಗಿತು. ಮುಂಗುಸಿ ಹೊಟ್ಟೆ ಮೇಲಾಗಿ ಬಿದ್ದುಕೊಂಡಿತು. ಓತಿಕ್ಯಾತನ ಮೂಗಿನ ಮೇಲೆಯೇ ಒಂದು ಜೀರುಂಡೆ ಹತ್ತಿ ಕೂತಿತು. ಅದಕ್ಕೆ ನಾಲಿಗೆ ಚಾಚುವ ಶಕ್ತಿ ಉಳಿದಿರಲಿಲ್ಲ. ಮಂಗಟ್ಟೆ ಗಂಟಲಿನ ತನಕ ತಿಂದು, ಬಾಯಿ ಮುಚ್ಚಲು ಆಗದೆ, ತೆರೆಯಲೂ ಆಗದೆ ನಿಂತಿತು. ಜೀರುಂಡೆಗಳು ಬರುತ್ತಲೇ ಇದ್ದವು.

ಬೆಳಗಾಯಿತು. ರೆಕ್ಕೆ ಒಣಗಿ ಗಾಜಿನಂತೆ ಬಿಗಿಯಾಯಿತು. ಅದರ ನರಗಳಲ್ಲಿ ಕಿತ್ತಳೆ ಬಣ್ಣ ಹರಿಯಿತು. ಬಿಳಿಯ ಮೈ ಕಪ್ಪಾಯಿತು. ಹದಿನೇಳು ವರ್ಷದ ಕತ್ತಲನ್ನು ಅವರು ಬಿಟ್ಟು ಬಂದಿರಲಿಲ್ಲ, ತೊಟ್ಟು ಬಂದಿದ್ದರು. ಕಣ್ಣು ಮಾತ್ರ ಕೆಂಪು.

ಐದನೆಯ ದಿನ ನಡುಹಗಲು ವಿಚಾರಣೆ ನಡೆಯಿತು. ಮಂಗಟ್ಟೆ ದೂರು ಹೇಳಿತು. ಹದಿನಾರು ವರ್ಷ ಗೈರು. ಹೊಂಗೆಯ ಕಡ್ಡಿಗಳನ್ನು ಸೀಳಿದ್ದು. ಸಭೆಯ ನೆಲವನ್ನು ತೂತು ಮಾಡಿದ್ದು. ಅದರ ದನಿ ಹಿಂದಿನಂತಿರಲಿಲ್ಲ, ಒಡೆದಿತ್ತು.

ಸಾಕ್ಷಿಗೆ ಹೊಂಗೆಯನ್ನು ಕೇಳಲಾಯಿತು. ಕಡ್ಡಿ ಸೀಳಿದ್ದು ನಿಜ, ನೋವಾದದ್ದೂ ನಿಜ ಎಂದಿತು ಅದು. ತನ್ನನ್ನು ಕೇಳಿಯೇ ಸೀಳಿದರು, ಎಲೆಯನ್ನೆಲ್ಲ ಮೇಯಿಸಿದವರು ಕೇಳಲಿಲ್ಲ ಎಂದೂ ಹೇಳಿತು. ಕಂಬಳಿಹುಳುಗಳು ತಲೆ ತಗ್ಗಿಸಿದವು.

ಬೆಳ್ಳಿ ಎದುರಿಗೆ ಬಂದು ನಿಂತಳು. ತಪ್ಪೊಪ್ಪಿಗೆ ಏನಾದರೂ ಇದೆಯೇ ಎಂದು ಗಾಳಿ ಕೇಳಿತು.

"ಇಲ್ಲ" ಎಂದಳು, ಬೆಟ್ಟದ ಕಡೆ ತಿರುಗಿ. "ಅಜ್ಜ, ಹೊಸ ಅಂಗಿಯಲ್ಲಿ ಬನ್ನಿ ಎಂದಿರಿ. ಅದನ್ನು ನಿಮ್ಮೆದುರಿಗೆ ತೊಟ್ಟವರು ನಾವೊಬ್ಬರೇ. ಅದಕ್ಕೆ ನಮ್ಮನ್ನು ತಿಂದರು. ನಮ್ಮಮ್ಮ ಕೇಳಿಕೊಂಡಳು, ಅದಕ್ಕೆ ನಕ್ಕರು. ದೊಡ್ಡಣ್ಣನನ್ನು ಮೋಸದಿಂದ ಕರೆಸಿದರು. ನಾವು ಹೆಸರು ಮರೆತಿರಲಿಲ್ಲ. ನಮ್ಮ ಗಂಡಸರು ಓಗೊಡುತ್ತಾರೆ. ಕೇಳಿ, ಆಮೇಲೆ ಅಳಿಸುವುದಾದರೆ ಅಳಿಸಿ."

ಜೀರುಂಡೆಗಳಲ್ಲಿ ದನಿ ಇರುವುದು ಗಂಡಿಗೆ. ಹೊಟ್ಟೆಯ ಎರಡು ಪಕ್ಕದಲ್ಲಿ ಎರಡು ಚಿಕ್ಕ ತಮಟೆಗಳಿವೆ. ಹದಿನೇಳು ವರ್ಷ ಮುಟ್ಟದೆ ಇಟ್ಟಿದ್ದ ಆ ತಮಟೆಗಳನ್ನು ಎಲ್ಲ ಗಂಡಸರೂ ಒಮ್ಮೆಲೇ ಬಾರಿಸಿದರು.

ಅದನ್ನು ಹಾಡು ಎನ್ನುವವರಿದ್ದಾರೆ. ಅದು ಹಾಡಲ್ಲ. ಹದಿನೇಳು ವರ್ಷಗಳ ಉತ್ತರ. ಎಲೆಗಳು ನಡುಗಿದವು. ಹೊಳೆ ತನ್ನ ದಾರಿ ಮರೆತು ಕ್ಷಣಕಾಲ ನಿಂತಿತು. ಮಂಗಟ್ಟೆ ಏನೋ ಹೇಳಿತು. ಅದು ಪಕ್ಕದ ಕೊಂಬೆಗೂ ಕೇಳಲಿಲ್ಲ. ಬಂಡೆಯ ಮೇಲಿನ ಪಾಚಿ ಸಡಿಲಿತು. ಜೀರುಂಡೆಯ ಹೆಸರಿನ ಮೇಲಿನದು ಮಾತ್ರವಲ್ಲ; ಬಂಡೆಯಿಡೀ ಬೋಳಾಗಿ, ಎಲ್ಲರ ಹೆಸರೂ ಬಿಸಿಲಿಗೆ ಹೊಳೆಯಿತು.

ಸದ್ದು ನಿಂತಿತು. ಎಲ್ಲರೂ ಬೆಟ್ಟದ ಕಡೆ ನೋಡಿದರು.

ಎಲ್ಲ ಜೀರುಂಡೆಗಳೂ ಹದಿನೇಳು ವರ್ಷ ಕಾಯುವುದಿಲ್ಲ ಎಂಬುದನ್ನು ಇಲ್ಲಿ ಸರಿಯಾಗಿ ತಿಳಿದಿರಬೇಕು. ಕೆಲವು ಹದಿಮೂರಕ್ಕೆ ಬರುತ್ತವೆ, ಕೆಲವು ನಾಲ್ಕಕ್ಕೆ, ಹಲವು ಅಲ್ಲೊಂದು ಇಲ್ಲೊಂದು ಪ್ರತಿ ಬೇಸಿಗೆಯೂ. ಎಣಿಕೆ ತಪ್ಪಿ ಒಂದು ವರ್ಷ ಮೊದಲೇ ಬರುವವರೂ ಇದ್ದಾರೆ. ಅವರು ದೊಡ್ಡಣ್ಣನ ಕಡೆಯವರು. ಆದರೆ ಎಲ್ಲವೂ ಹಳೆಯ ಅಂಗಿಯನ್ನು ಬಯಲಿನಲ್ಲಿಯೇ ಬಿಡುತ್ತವೆ. ಮರದ ಬೊಡ್ಡೆಯ ಮೇಲೆ, ಬೆನ್ನು ಸೀಳಿ, ಆರು ಕಾಲಿನಿಂದಲೂ ತೊಗಟೆ ಹಿಡಿದು ನಿಂತ ಒಣ ಪೊರೆಯನ್ನು ನೀವು ಕಂಡಿರಬಹುದು. ಅದು ಇಂದಿಗೂ ಅಲ್ಲಿರುವುದು ಅಂದು ಬೆಟ್ಟ ಮೂರನೆಯ ಮತ್ತು ಕೊನೆಯ ಸಲ ಬಾಯಿ ತೆರೆದು, ಎಲ್ಲರಿಗೂ ಕೇಳುವಂತೆ ಹೇಳಿದ ತೀರ್ಪಿನಿಂದ:

"ಈ ಹೆಸರು ಅಳಿಯತಕ್ಕದ್ದಲ್ಲ. ಇವರು ತಮ್ಮ ಎಣಿಕೆಗೆ ಬರಲಿ, ಕರೆಯುವವರ ಎಣಿಕೆಗಲ್ಲ. ಬಂದಾಗ ಹಳೆಯ ಅಂಗಿಯನ್ನು ಮರದ ಮೇಲೆ ಬಿಟ್ಟು ಹೋಗಲಿ. ಅದು ಇವರ ಹಾಜರಿ. ಅದನ್ನು ಕಣ್ಣಾರೆ ಕಂಡ ಮೇಲೆ, ಮಂಗಟ್ಟೆಯಾಗಲಿ, ಮನುಷ್ಯರ ಮಗುವಾಗಲಿ, ಇವರು ಬಂದಿರಲಿಲ್ಲ ಎನ್ನಕೂಡದು."